ಬೆಟ್ಟವಿಲ್ಲದ ಏರುಗಳು

ಬೆಂಗಳೂರಿನ ಸೈಕಲ್ ಕ್ಲಬ್‌ಗಳಲ್ಲಿ ಹೊಸಬರ ತಾಕತ್ತು ತಿಳಿಯಲು ಕೇಳುವ ಮೊದಲ ಪ್ರಶ್ನೆ ಒಂದೇ: ‘ನಂದಿ ಎಷ್ಟು ನಿಮಿಷ?’ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟ ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ತಪ್ಪಲಿನಿಂದ ತುದಿಯವರೆಗೆ ಏಳೆಂಟು ಕಿಲೋಮೀಟರ್ ದಾರಿ, ಸಾಲು ಸಾಲು ತಿರುವು, ಸರಾಸರಿ ಶೇ 5ರಿಂದ 6ರಷ್ಟು ಏರು. ಶನಿವಾರ, ಭಾನುವಾರ ನಸುಕಿನಲ್ಲಿ ದೇವನಹಳ್ಳಿ ದಾಟಿ ಆ ಕಡೆ ಹೋಗುವ ಸವಾರರನ್ನು ನೋಡಿದವರಿಗೆ ಈ ಬೆಟ್ಟದ ಸೆಳೆತ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದ್ದಂತೆ, ಕರಾವಳಿಯವರಿಗೆ ಆಗುಂಬೆಯ 14 ತಿರುವು, ಚಿಕ್ಕಮಗಳೂರಿನವರಿಗೆ ಮುಳ್ಳಯ್ಯನಗಿರಿಯ ದಾರಿ, ನೀಲಗಿರಿಗೆ ಹೋಗುವವರಿಗೆ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿಯ 36 ತಿರುವು. ಈ ಏರುಗಳ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಕ್ಲಬ್‌ಗಳು ‘ಕಠಿಣ ದಾರಿ’ ಎಂದರೆ ಬೆಟ್ಟವೊಂದೇ ಎಂದು ತೀರ್ಮಾನಿಸಿಕೊಂಡಿರುವುದರಿಂದ ಕಳೆದುಕೊಳ್ಳುತ್ತಿರುವುದು ಬಹಳ. ಕ್ಲಬ್ ಸವಾರರಿಗೆ ನಿಜಕ್ಕೂ ಕಷ್ಟದ, ಕಷ್ಟಕ್ಕೆ ತಕ್ಕ ಫಲವನ್ನೂ ಕೊಡುವ ದಾರಿಗಳು ಬಯಲಿನಲ್ಲಿವೆ, ಗಾಳಿಗೆ ಮೈಯೊಡ್ಡಿದ ರಸ್ತೆಗಳಲ್ಲಿವೆ, ಕಾವೇರಿ ಕಣಿವೆಯತ್ತ ಇಳಿದು ಮತ್ತೆ ಹತ್ತಬೇಕಾದ ಉಬ್ಬುತಗ್ಗಿನ ರಸ್ತೆಗಳಲ್ಲಿವೆ. ಬೆಟ್ಟ ಕ್ಲಬ್ಬನ್ನು ಒಬ್ಬೊಬ್ಬರನ್ನಾಗಿ ಒಡೆಯುತ್ತದೆ. ಈ ದಾರಿಗಳು ಹತ್ತು ಜನರನ್ನು ಒಂದು ತಂಡವಾಗಿಸುತ್ತವೆ.

ಇದು ಬರೀ ಭಾವನೆಯ ಮಾತಲ್ಲ, ಲೆಕ್ಕದಲ್ಲೇ ಕಾಣುತ್ತದೆ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕ ಎಂದಿಟ್ಟುಕೊಳ್ಳೋಣ. ಶೇ 6ರ ಏರನ್ನು, ಅಂದರೆ 100 ಮೀಟರ್ ಮುಂದೆ ಹೋದಾಗ ಆರು ಮೀಟರ್ ಮೇಲೇರುವ ದಾರಿಯನ್ನು, ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 175 ವಾಟ್ ಶಕ್ತಿ ಬೇಕು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗುರುತ್ವದ ವಿರುದ್ಧವೇ ಖರ್ಚಾಗುತ್ತದೆ. ಟೈರು ರಸ್ತೆಯ ತಿಕ್ಕಾಟಕ್ಕೆ ಸ್ವಲ್ಪ, ಗಾಳಿಯನ್ನು ಸೀಳಲು ಆರೇಳು ವಾಟ್ ಅಷ್ಟೇ. ಅದೇ ಸವಾರ ಅದೇ 175 ವಾಟ್ ಹಾಕಿ ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ ತುಳಿದರೆ ಸುಮಾರು 33 ಕಿಲೋಮೀಟರ್ ವೇಗ ಸಿಗುತ್ತದೆ. ಆದರೆ ಅಲ್ಲಿ ಶಕ್ತಿಯ ಐದಕ್ಕೆ ನಾಲ್ಕು ಪಾಲನ್ನು ಗಾಳಿಯೇ ನುಂಗುತ್ತದೆ. ಇನ್ನು ಎದುರಿನಿಂದ ಗಂಟೆಗೆ 15 ಕಿಲೋಮೀಟರ್ ವೇಗದ ಸಾಧಾರಣ ಗಾಳಿ ಬೀಸಿತೆನ್ನಿ, ವೇಗ 25ಕ್ಕೆ ಇಳಿಯುತ್ತದೆ. ಹಟ ಹಿಡಿದು ಹಳೆಯ ವೇಗದ ಹತ್ತಿರ ಹೋಗಬೇಕೆಂದರೆ 300 ವಾಟ್ ಬೇಕಾಗುತ್ತದೆ, ಅದು ಹವ್ಯಾಸಿ ಸವಾರರಲ್ಲಿ ಹೆಚ್ಚಿನವರು ಕೆಲವೇ ನಿಮಿಷ ತಡೆದುಕೊಳ್ಳಬಲ್ಲ ಶ್ರಮ. ನಿಶ್ಚಲ ಗಾಳಿಯಲ್ಲಿ ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಬೆಟ್ಟದ ಏರಿಗೆ ಒಂದು ತುದಿ ಇದೆ, ಅದು ಕಣ್ಣಿಗೂ ಕಾಣುತ್ತದೆ. ಬಯಲಿನ ಗಾಳಿಗೆ ತುದಿಯೆಂಬುದೇ ಇಲ್ಲ.

ಒಂಟಿ ಸವಾರನಿಗೂ ಕ್ಲಬ್ಬಿಗೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು. ಮುಂದಿನವನ ಚಕ್ರಕ್ಕೆ ಅರ್ಧದಿಂದ ಒಂದು ಮೀಟರ್ ಅಂತರದಲ್ಲಿ ಹಿಂಬಾಲಿಸುವವನಿಗೆ ಗಾಳಿಯ ಏಟು ಕಡಿಮೆ. ಡ್ರಾಫ್ಟಿಂಗ್ ಎಂದು ಕರೆಯುವ ಈ ಆಸರೆಯಿಂದ ಸಪಾಟು ರಸ್ತೆಯಲ್ಲಿ ಒಟ್ಟು ಶ್ರಮದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿಯುತ್ತದೆ. ನಂದಿಯ ಏರಿನಲ್ಲಿ ಉಳಿಯುವುದೇನು? ಗಾಳಿಗೆ ಹೋಗುತ್ತಿದ್ದುದೇ ಆರೇಳು ವಾಟ್, ಅದರಲ್ಲಿ ಅರ್ಧ ಉಳಿದರೂ ಕಾಲಿಗೆ ತಿಳಿಯುವುದಿಲ್ಲ. ಹಾಗಾಗಿ ಬೆಟ್ಟದ ಮೇಲೆ ಪ್ರತಿಯೊಬ್ಬನೂ ತನ್ನ ತೂಕವನ್ನು ತಾನೇ ಹೊರುತ್ತಾನೆ. ಹತ್ತು ಜನರ ಗುಂಪು ಮೊದಲ ಕಿಲೋಮೀಟರಿನಲ್ಲೇ ಚದುರುತ್ತದೆ, ಹಗುರ ಮೈಯವರು ಮುಂದೆ, ಭಾರದವರು ಹಿಂದೆ. ತುದಿಯಲ್ಲಿ ಮತ್ತೆ ಸೇರಿದಾಗ ಕಾಫಿ, ಫೋಟೊ, ನಿಮಿಷಗಳ ಲೆಕ್ಕ. ಸೊಗಸಾದ ಬೆಳಗೇ ಸರಿ, ಆದರೆ ಅಲ್ಲಿ ಕ್ಲಬ್ಬು ಮಾಡಿದ ಕೆಲಸವಾದರೂ ಏನು? ಈಗ ಅದೇ ಲೆಕ್ಕವನ್ನು ಎದುರುಗಾಳಿಯಲ್ಲಿ ನೋಡಿ. ಒಬ್ಬನೇ 25ರಲ್ಲಿ ಏದುಸಿರು ಬಿಡುವ ದಾರಿಯಲ್ಲಿ ಸಮಬಲದ ನಾಲ್ವರು ಸರದಿಯ ಮೇಲೆ ಮುಂದಾಳತ್ವ ಹಂಚಿಕೊಂಡರೆ, ಸರಾಸರಿ ಅಷ್ಟೇ ಶ್ರಮದಲ್ಲಿ ಸುಮಾರು 28ರ ವೇಗ ಹಿಡಿಯಬಹುದು. 50 ಕಿಲೋಮೀಟರಿಗೆ ಹತ್ತಿರ ಹತ್ತಿರ ಕಾಲು ಗಂಟೆ ಉಳಿತಾಯ. ಈ ಕಾಲು ಗಂಟೆಯನ್ನು ಯಾವ ದುಬಾರಿ ಕಾರ್ಬನ್ ಫ್ರೇಮೂ ಕೊಡಲಾರದು.

ಅದನ್ನು ಗಳಿಸುವುದೇನೂ ಸುಲಭವಲ್ಲ. ಸಾಲಿನಲ್ಲಿ ಮುಂದಿರುವವನು ತನ್ನ ಸರದಿ ಮುಗಿದಾಗ ಮೊಣಕೈಯನ್ನು ಒಮ್ಮೆ ಅಲುಗಿಸಿ ಸೂಚನೆ ಕೊಡುತ್ತಾನೆ, ಹಿಂದೆ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು ಪಕ್ಕಕ್ಕೆ ಸರಿಯುತ್ತಾನೆ, ಪೆಡಲಿನ ಮೇಲಿನ ಒತ್ತಡವನ್ನು ಸ್ವಲ್ಪ ಸಡಿಲಿಸುತ್ತಾನೆ, ಸಾಲು ತನ್ನನ್ನು ದಾಟಿದ ಮೇಲೆ ಕೊನೆಯವನ ಹಿಂದೆ ಸೇರಿಕೊಳ್ಳುತ್ತಾನೆ. ಹೇಳಲು ನಾಲ್ಕು ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ತಪ್ಪಲು ಅವಕಾಶ. ಎರಡನೆಯವನು ಮುಂದೆ ಬಂದ ಹುರುಪಿನಲ್ಲಿ ವೇಗ ಹೆಚ್ಚಿಸಿದನೆಂದರೆ ಆಗಷ್ಟೇ ಸರದಿ ಮುಗಿಸಿ ಸುಸ್ತಾದವನು ಸಾಲಿನ ಬಾಲ ಹಿಡಿಯಲಾಗದೆ ಹಿಂದೆ ಬೀಳುತ್ತಾನೆ. ಸರದಿ ಮುಗಿಸಿದವನು ಪಕ್ಕಕ್ಕೆ ಸರಿಯುವ ಮೊದಲೇ ಪೆಡಲು ನಿಲ್ಲಿಸಿದರೆ ಹಿಂದಿನವನ ಮುಂಚಕ್ರ ಅವನ ಹಿಂಚಕ್ರಕ್ಕೆ ತಾಗುತ್ತದೆ, ನೆಲಕ್ಕೆ ಬೀಳುವವನು ಹಿಂದಿನವನೇ. ಮುಂದಿರುವವನ ಕಣ್ಣು ಇಡೀ ಸಾಲಿನ ಕಣ್ಣು. ಹಳ್ಳಿಯ ಮುಂದೆ ಬಣ್ಣ ಬಳಿಯದ ಹಂಪ್ ಇದ್ದರೆ, ಗುಂಡಿ ಇದ್ದರೆ, ಕಟಾವಿನ ಕಾಲದಲ್ಲಿ ಹುರುಳಿ, ರಾಗಿಯ ತೆನೆಯನ್ನು ವಾಹನಗಳು ತುಳಿದು ಒಕ್ಕಣೆಯಾಗಲೆಂದು ರಸ್ತೆಯ ಮೇಲೆ ಹರಡಿದ್ದರೆ, ಅವನು ಕೈ ತೋರಿಸಬೇಕು, ಕೂಗಬೇಕು. ಹುರುಳಿಯ ಬಳ್ಳಿ ಗೇರಿಗೆ ಸುತ್ತಿಕೊಂಡರೆ ಗೇರು ಬದಲಿಸುವ ಹಿಂಬದಿಯ ಡಿರೇಲರ್ ಮುರಿದು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುವ ಸಾಧ್ಯತೆಯೂ ಉಂಟು. ತನ್ನ ಹಿಂದೆ ಐದು ಜನ ತನ್ನನ್ನೇ ನಂಬಿ ತಲೆ ಬಗ್ಗಿಸಿ ತುಳಿಯುತ್ತಿದ್ದಾರೆ ಎಂಬ ಎಚ್ಚರ ಬೆಟ್ಟದ ದಾರಿಯಲ್ಲಿ ಬರುವಂಥದ್ದಲ್ಲ.

ಈ ವಾದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಸಾಕ್ಷಿ ಇದೆ. ಕರ್ನಾಟಕದ ಸೈಕ್ಲಿಂಗಿನ ತವರು ಯಾವುದೆಂದು ಕ್ರೀಡೆ ಬಲ್ಲವರನ್ನು ಕೇಳಿದರೆ ಅವರ ಬಾಯಿಂದ ಬರುವ ಹೆಸರು ವಿಜಯಪುರ, ಬಾಗಲಕೋಟೆ. ದೊಡ್ಡ ಬೆಟ್ಟ, ಉದ್ದದ ಘಾಟಿ ಅಲ್ಲಿಲ್ಲ. ಇರುವುದು ಎರೆಮಣ್ಣಿನ ಬಯಲು, ನೆರಳಿಲ್ಲದ ನೇರ ರಸ್ತೆ, ಉರಿಬಿಸಿಲು ಮತ್ತು ಗಾಳಿ. ಜಾತ್ರೆಗಳಲ್ಲಿ ಸಾದಾ ಸೈಕಲ್ ಮೇಲೆ ಪೈಪೋಟಿ ನಡೆಸುವ ರೂಢಿ ಆ ಸೀಮೆಯಲ್ಲಿದೆ. ಕ್ರೀಡಾ ಹಾಸ್ಟೆಲ್‌ನ ಮಕ್ಕಳು ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟಿ ಅಭ್ಯಾಸ ಮಾಡುತ್ತಾರೆ. ರೈತಾಪಿ ಮನೆಗಳಿಂದ ಬಂದ ಹುಡುಗ ಹುಡುಗಿಯರು ಅಲ್ಲಿಂದ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ವಿಜಯಪುರದಿಂದ ದಕ್ಷಿಣಕ್ಕೆ ಕೊಲ್ಹಾರದ ಕಡೆಗೆ, ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ ದಾಟಿ ಬಾಗಲಕೋಟೆಯತ್ತ ಹೋಗುವ ದಾರಿಯನ್ನು ನಕ್ಷೆಯ ಮೇಲೆ ನೋಡಿದರೆ ಬೆಂಗಳೂರಿನ ಸವಾರ ‘ಇದರಲ್ಲೇನಿದೆ’ ಎನ್ನಬಹುದು. ಮುಂಗಾರಿನಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಆ ದಾರಿಯಲ್ಲಿ ಅಡ್ಡಡ್ಡ ಹೊಡೆಯುತ್ತದೆ, ಸೇತುವೆಯ ಮೇಲಂತೂ ತಡೆಯಲು ಗಿಡವೂ ಇಲ್ಲ, ಗೋಡೆಯೂ ಇಲ್ಲ. ಅಂಥ ರಸ್ತೆಯಲ್ಲಿ ದಿನವೂ ತುಳಿದು ಬೆಳೆದವರಿಗೆ ಒಂದೇ ಹದದಲ್ಲಿ ಗಂಟೆಗಟ್ಟಲೆ ಒತ್ತಡ ಹಿಡಿದಿಡುವುದು, ಮೈ ತಗ್ಗಿಸಿ ಕೂರುವುದು, ಮುಂದಿನವನ ಆಸರೆಯನ್ನು ಹುಡುಕಿಕೊಳ್ಳುವುದು ರಕ್ತಗತವಾಗುತ್ತದೆ.

ಅಡ್ಡಗಾಳಿಯ ಪಾಠ ಎಷ್ಟು ದೊಡ್ಡದೆಂದು ಜಗತ್ತು ಕಂಡದ್ದು 2016ರಲ್ಲಿ, ಕತಾರಿನ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಪುರುಷರ ರಸ್ತೆ ಓಟದ ದಾರಿಯಲ್ಲಿ ಏರು ಎನ್ನುವಂಥದ್ದು ಇರಲೇ ಇಲ್ಲ, ಪೂರ್ತಿ ಸಪಾಟು. ಆದರೂ ಓಟ ಇನ್ನೂ ಅರ್ಧವೂ ಮುಗಿಯುವ ಮೊದಲೇ ಅಡ್ಡಗಾಳಿಗೆ ಸಿಕ್ಕಿ ಗುಂಪು ಚೂರಾಯಿತು. ಗಾಳಿಯನ್ನು ಓದಬಲ್ಲವರು ಮುಂದಿನ ತುಂಡಿನಲ್ಲಿ ಸೇರಿಕೊಂಡರು, ಉಳಿದವರಿಗೆ ಮತ್ತೆ ಅವರನ್ನು ಹಿಡಿಯಲಾಗಲಿಲ್ಲ. ಗೆದ್ದವನು ಮುಂದಿನ ತುಂಡಿನಲ್ಲಿದ್ದ ಪೀಟರ್ ಸಗಾನ್. ಅಡ್ಡಗಾಳಿಯಲ್ಲಿ ಆಸರೆ ನೇರ ಹಿಂದೆ ಸಿಗುವುದಿಲ್ಲ, ಓರೆಯಾಗಿ ಪಕ್ಕಕ್ಕೆ ಸಿಗುತ್ತದೆ. ಹಾಗಾಗಿ ಸವಾರರು ರಸ್ತೆಯ ಅಗಲಕ್ಕೆ ಓರೆ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿ ಜಾಗವೂ ಮುಗಿಯುತ್ತದೆ, ಅಲ್ಲಿಂದಾಚೆಗೆ ಇರುವವರು ರಸ್ತೆಯ ಅಂಚಿನಲ್ಲಿ ಆಸರೆಯಿಲ್ಲದೆ ಒದ್ದಾಡುತ್ತಾರೆ. ವಾಹನಗಳು ಓಡಾಡುವ ನಮ್ಮ ರಸ್ತೆಯಲ್ಲಿ ಪೂರ್ತಿ ಓರೆ ಸಾಲು ಕಟ್ಟುವುದು ಸಲ್ಲದು, ಅದರಲ್ಲೂ ಎಡದಿಂದ ಗಾಳಿ ಬೀಸುವಾಗ ಸಾಲು ಬಲಕ್ಕೆ, ಅಂದರೆ ವಾಹನಗಳ ದಾರಿಗೇ, ಚಾಚುತ್ತದೆ. ಆದರೆ ಎಡ ಅಂಚಿನ ಒಂದು ಮೀಟರ್ ಅಗಲದೊಳಗೇ ಮುಂದಿನವನ ಹಿಂಚಕ್ರದಿಂದ ಒಂದು ಗೇಣು ಪಕ್ಕಕ್ಕೆ ಸರಿದು ತುಳಿಯುವುದನ್ನು ಇಬ್ಬರು ಮೂವರ ಗುಂಪು ಧಾರಾಳವಾಗಿ ಕಲಿಯಬಹುದು.

ಬೆಂಗಳೂರಿನ ಸುತ್ತ ಈ ಗಾಳಿ ಸಿಗುವುದೇ? ಸಿಗುತ್ತದೆ, ಯಾವಾಗ ಎತ್ತ ಹೋಗಬೇಕೆಂದು ತಿಳಿದಿರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯ ಕಾಲ. ಆಷಾಢದ ಗಾಳಿಯ ಜೋರು ಗೊತ್ತಿಲ್ಲದ ಕನ್ನಡಿಗರಿಲ್ಲ. ಚಳಿಗಾಲದಲ್ಲಿ ಗಾಳಿ ಮೂಡಣದ ಕಡೆಗೆ ತಿರುಗುತ್ತದೆ. ದಿನದೊಳಗೂ ಅದಕ್ಕೊಂದು ವೇಳಾಪಟ್ಟಿ ಇದೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ನಿಂತಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಮೇಲಿನ ಜೋರು ಗಾಳಿ ಕೆಳಗಿನ ಗಾಳಿಯೊಂದಿಗೆ ಬೆರೆತು ಬೀಸತೊಡಗುತ್ತದೆ. ಹೀಗಾಗಿ ಬೆಳಿಗ್ಗೆ ಐದೂವರೆಗೆ ಹೊರಟವರಿಗೆ ಹೋಗುವಾಗ ಗಾಳಿಯೇ ಇಲ್ಲ ಅನಿಸುತ್ತದೆ, ಒಂಬತ್ತರ ಮೇಲೆ ಹಿಂದಿರುಗುವಾಗ ಅದು ಜೋರಾಗಿರುತ್ತದೆ. ಜುಲೈನಲ್ಲಿ ಮಾಗಡಿ, ಕುಣಿಗಲ್ ಕಡೆಗೆ ಹೋದರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ, ಅದು ಕಲಿಯುವವರ ದಾರಿ. ಅದೇ ತಿಂಗಳು ಹೊಸಕೋಟೆ ದಾಟಿ ಕೋಲಾರದ ದಿಕ್ಕಿಗೆ ಹೋಗಿ, ದಣಿದ ಕಾಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಮರಳುವುದು ಪಳಗಿದವರ ದಾರಿ. ದೂರ ಹೆಚ್ಚುಕಡಿಮೆ ಅಷ್ಟೇ, ಕಷ್ಟ ಮಾತ್ರ ಒಂದಕ್ಕೆರಡು. ಚಿತ್ರದುರ್ಗ, ಗದಗದ ಕಪ್ಪತಗುಡ್ಡದ ಸೀಮೆಗಳಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ನಾಡಿನ ಗಾಳಿ ಎಲ್ಲಿ ಜೋರೆಂದು ದೂರದಿಂದಲೇ ಹೇಳುತ್ತವೆ. ಆ ಊರುಗಳ ಕ್ಲಬ್‌ಗಳಿಗೆ ಬೆಟ್ಟ ಹುಡುಕಿಕೊಂಡು ಕಾರಿನ ಮೇಲೆ ಸೈಕಲ್ ಹೇರಿಕೊಂಡು ಹೋಗುವ ಅಗತ್ಯವೇ ಇಲ್ಲ.

ಗಾಳಿಯಂತೆಯೇ ಕಡೆಗಣಿಸಲ್ಪಟ್ಟಿರುವ ಇನ್ನೊಂದು ಕಷ್ಟ ಉಬ್ಬುತಗ್ಗಿನದು. ಇದಕ್ಕೆ ಬೆಂಗಳೂರಿನ ಹತ್ತಿರ ಕನಕಪುರ, ಸಾತನೂರು ದಾಟಿ ಕಾವೇರಿಯ ಸಂಗಮಕ್ಕೆ ಹೋಗುವ ದಾರಿಗಿಂತ ಒಳ್ಳೆಯ ಉದಾಹರಣೆ ಸಿಗದು. ನಂದಿಬೆಟ್ಟಗಳಲ್ಲಿ ಹುಟ್ಟುವ ಅರ್ಕಾವತಿ ಕಾವೇರಿಯನ್ನು ಸೇರುವುದು ಈ ಸಂಗಮದಲ್ಲೇ. ನಗರ ಒಂದು ಪ್ರಸ್ಥಭೂಮಿಯ ಮೇಲಿದೆ, ನದಿಯ ಮೂಲ ಅದಕ್ಕಿಂತ 500 ಮೀಟರಿಗೂ ಹೆಚ್ಚು ಮೇಲೆ, ಕೊನೆ ಸುಮಾರು ಅಷ್ಟೇ ಕೆಳಗೆ. ಎತ್ತರದ ಲೆಕ್ಕದಲ್ಲಿ ಎರಡೂ ಸವಾರಿಗಳು ಹತ್ತಿರ ಹತ್ತಿರ ಸಮ. ಆದರೆ ನಂದಿಗೆ ಹೋಗುವವನು ತಣ್ಣನೆಯ ಬೆಳಗಿನಲ್ಲಿ, ದಣಿಯದ ಕಾಲಿನಲ್ಲಿ ಏರಿ, ಬಿಸಿಲಾಗುವ ಹೊತ್ತಿಗೆ ಇಳಿಯುತ್ತಾನೆ. ಸಂಗಮಕ್ಕೆ ಹೋಗುವವನು ಬೆಳಿಗ್ಗೆ ಇಳಿದಿಳಿದು ಹೋಗಿ, ಹೊಟ್ಟೆಯಲ್ಲಿ ತಿಂದದ್ದು ಕರಗಿದ ಮೇಲೆ, ನೆತ್ತಿಯ ಮೇಲೆ ಸೂರ್ಯ ಇರುವಾಗ, ಕಾಡಿನ ಕಡಿದಾದ ಏರಿನಿಂದ ಶುರುಮಾಡಿ ಮನೆಯವರೆಗೂ ಹತ್ತುತ್ತಲೇ ಬರಬೇಕು. ಹೋಗಿಬರಲು 200 ಕಿಲೋಮೀಟರಿನ ಆಸುಪಾಸು. ಸಾತನೂರು ಬಿಟ್ಟ ಮೇಲೆ ಅಂಗಡಿಗಳು ವಿರಳ. ಸಂಗಮದ ಸುತ್ತಲ ಪ್ರದೇಶ ಕಾವೇರಿ ವನ್ಯಧಾಮಕ್ಕೆ ಸೇರಿದ್ದು, ಆನೆಗಳ ಓಡಾಟ ಇರುವುದರಿಂದ ಹಗಲು ಹೊತ್ತಿನಲ್ಲಷ್ಟೇ ಅಲ್ಲಿರಬೇಕು. ನೀರು, ಊಟ, ಸಮಯ ಮೂರನ್ನೂ ಮೊದಲೇ ಲೆಕ್ಕ ಹಾಕದ ಗುಂಪು ಎಷ್ಟು ಬಲವಿದ್ದರೂ ಕನಕಪುರದ ಹೊತ್ತಿಗೆ ಕುಸಿಯುತ್ತದೆ. ಮುತ್ತತ್ತಿಯ ದಾರಿಯ ಸ್ವಭಾವವೂ ಇದೇ.

ಉಬ್ಬುತಗ್ಗಿನ ರಸ್ತೆಯಲ್ಲಿ ಗುಂಪು ಒಡೆಯುವ ಜಾಗ ಯಾವುದೆಂದು ಗಮನಿಸಿದರೆ ಒಂದು ಸ್ವಾರಸ್ಯದ ಸಂಗತಿ ಹೊಳೆಯುತ್ತದೆ. ಒಂದು ಕಿಲೋಮೀಟರಿನ ಏರಿನಲ್ಲಿ ಹಿಂದಿನವನು ಹೇಗೋ ಹಲ್ಲುಕಚ್ಚಿ ಅಂಟಿಕೊಂಡಿರುತ್ತಾನೆ. ಸಾಲು ಹರಿದುಹೋಗುವುದು ಏರಿನ ನೆತ್ತಿಯಲ್ಲಿ. ಮುಂದಿನವನು ನೆತ್ತಿ ದಾಟಿ ಇಳಿಜಾರಿಗೆ ಚಕ್ರ ಇಟ್ಟೊಡನೆ ವೇಗ ತಾನಾಗಿ ಹೆಚ್ಚುತ್ತದೆ, ಅದೇ ಗಳಿಗೆಯಲ್ಲಿ ಕೊನೆಯವನು ಇನ್ನೂ ಏರುತ್ತಲೇ ಇರುತ್ತಾನೆ. ಐದು ಮೀಟರಿನ ಅಂತರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಐವತ್ತಾಗುತ್ತದೆ, ಗಾಳಿಯ ಆಸರೆ ತಪ್ಪುತ್ತದೆ, ಅದನ್ನು ಮತ್ತೆ ಮುಚ್ಚಲು ದಣಿದವನು ಎಲ್ಲರಿಗಿಂತ ಹೆಚ್ಚು ಶ್ರಮ ಹಾಕಬೇಕಾಗುತ್ತದೆ. ಅನುಭವಿ ಮುಂದಾಳು ನೆತ್ತಿಯ ಮೇಲೆ ಹತ್ತು ಹದಿನೈದು ಸೆಕೆಂಡು ಪೆಡಲು ಹಗುರ ಮಾಡುತ್ತಾನೆ, ಕೊನೆಯವನು ನೆತ್ತಿ ದಾಟಿದ ಕೂಗು ಕೇಳಿದ ಮೇಲಷ್ಟೇ ಒತ್ತುತ್ತಾನೆ. ಆ ಹದಿನೈದು ಸೆಕೆಂಡಿನ ಸಂಯಮ ನೂರು ಕಿಲೋಮೀಟರಿನ ಸವಾರಿಯನ್ನು ಉಳಿಸುತ್ತದೆ. ನಾನು ಒಂದು ಕ್ಲಬ್ಬಿನ ಗುಣಮಟ್ಟ ಅಳೆಯಬೇಕಾದರೆ ಅವರ ನಂದಿಯ ನಿಮಿಷ ಕೇಳುವುದಿಲ್ಲ, ಕನಕಪುರ ರಸ್ತೆಯ ಏರಿನ ನೆತ್ತಿಯೊಂದರಲ್ಲಿ ನಿಂತು ಅವರು ದಾಟುವುದನ್ನು ನೋಡುತ್ತೇನೆ.

ಇದಕ್ಕೆ ಬರುವ ಮೊದಲ ಆಕ್ಷೇಪ ತರಬೇತಿಯದು. ಹೃದಯ, ಶ್ವಾಸಕೋಶ ಗಟ್ಟಿಯಾಗಲು ಎಡೆಬಿಡದ ಇಪ್ಪತ್ತು ಮೂವತ್ತು ನಿಮಿಷಗಳ ಶ್ರಮ ಬೇಕು, ಅದನ್ನು ಬೆಟ್ಟ ತಾನಾಗಿ ಕೊಡುತ್ತದೆ. ಸಪಾಟಿನಲ್ಲಿ ಸಿಗ್ನಲ್, ಹಂಪ್, ನಾಯಿ, ದನ. ಜೊತೆಗೆ ಬೆಟ್ಟ ಬದಲಾಗುವುದಿಲ್ಲ, ಇಂದಿನ ನಿಮಿಷವನ್ನು ಆರು ತಿಂಗಳ ಹಿಂದಿನ ನಿಮಿಷದ ಜೊತೆ ಹೋಲಿಸಬಹುದು, ಗಾಳಿ ದಿನಕ್ಕೊಂದು ಬಗೆ. ಈ ಮಾತಿನಲ್ಲಿ ತಿರುಳಿದೆ, ಪರೀಕ್ಷೆಗೆ ಬೆಟ್ಟವೇ ಸರಿ. ಆದರೆ ಪರೀಕ್ಷೆಯೇ ಪಾಠವಲ್ಲ. ಶ್ರಮವನ್ನು ನೇರವಾಗಿ ಅಳೆಯುವ ಪವರ್ ಮೀಟರ್ ಇರುವವರಿಗೆ 200 ವಾಟ್ ಎಲ್ಲಿ ಹಾಕಿದರೂ 200 ವಾಟೇ, ಅದಿಲ್ಲದವರಿಗೆ ಎದೆಬಡಿತದ ಲೆಕ್ಕ ಇದೆ. ಸಪಾಟಿನಲ್ಲಿ ಬೆಳೆದವರು ಬೆಟ್ಟ ಹತ್ತಲಾರರು ಎಂಬ ನಂಬಿಕೆಗೆ ಫ್ರಾನ್ಸಿನ ಆಲ್ಪ್ ದ್ಯುಯೆಜ್ ಉತ್ತರ ಕೊಟ್ಟಿದೆ. 21 ತಿರುವುಗಳ ಆ ಪ್ರಸಿದ್ಧ ಏರಿನ ತುದಿಯಲ್ಲಿ 1952ರಿಂದ 1989ರವರೆಗೆ ಟೂರ್ ದ ಫ್ರಾನ್ಸ್‌ನ 14 ಹಂತಗಳು ಮುಗಿದವು. ಅದರಲ್ಲಿ ಎಂಟನ್ನು ಗೆದ್ದವರು ನೆದರ್ಲೆಂಡ್ಸಿನವರು, ಅಂದರೆ ಬೆಟ್ಟವೆಂಬುದೇ ಇಲ್ಲದ, ಸಮುದ್ರದ ಎದುರುಗಾಳಿಗೆ ಹೆಸರಾದ ದೇಶದವರು. ಗಾಳಿಯೊಂದೇ ಅವರನ್ನು ಗೆಲ್ಲಿಸಿತು ಎಂದು ನಾನು ಹೇಳುವುದಿಲ್ಲ, ಆದರೆ ಬೆಟ್ಟವಿಲ್ಲದ್ದು ಅವರಿಗೆ ಅಡ್ಡಿಯಾಗಲಿಲ್ಲ ಎಂಬುದಂತೂ ಸ್ಪಷ್ಟ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು, ಅದು ಸುರಕ್ಷತೆಯದು. ಬೆಟ್ಟ ಹತ್ತುವಾಗ ವೇಗ 12, ಬಿದ್ದರೂ ಮೊಣಕಾಲು ತರಚೀತು. ಹೆದ್ದಾರಿಯಲ್ಲಿ ಲಾರಿಗಳ ಪಕ್ಕ 35ರ ವೇಗದಲ್ಲಿ ಚಕ್ರಕ್ಕೆ ಚಕ್ರ ತಾಗಿಸುವಂತೆ ಹೋಗುವುದು ಪ್ರಾಣಕ್ಕೆ ಸಂಚಕಾರ ಎನ್ನುತ್ತಾರೆ. ಹೌದು, ಅಂಥ ದೊಡ್ಡ ಹೆದ್ದಾರಿ ಇದಕ್ಕೆ ತಕ್ಕ ಜಾಗವಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಎಂಜಿನ್ ಇಲ್ಲದ ವಾಹನಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲಿ ಎದುರುದಿಕ್ಕಿನಿಂದ ಬರುವ ವಾಹನಗಳ ಕಾಟ. ನಾನು ಹೇಳುವ ದಾರಿಗಳು ಬೇರೆ: ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನತ್ತ, ಮಾಗಡಿಯ ಆಚೆಗಿನ ತಾಲ್ಲೂಕುಗಳಲ್ಲಿ ಹರಡಿರುವ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ರಸ್ತೆಗಳು. ಗುಂಪು ಆರು ಜನರನ್ನು ಮೀರಬಾರದು, ಮೀರಿದರೆ ಎರಡಾಗಿ ಒಡೆದು ನಡುವೆ ವಾಹನಗಳು ನುಸುಳುವಷ್ಟು ಅಂತರ ಬಿಡಬೇಕು. ಹಳ್ಳಿಯೊಳಗೆ ಸಾಲು ಸಡಿಲವಾಗಬೇಕು. ಇನ್ನು ಬೆಟ್ಟ ಸುರಕ್ಷಿತ ಎನ್ನುವವರು ಹತ್ತುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹತ್ತಿದವನು ಇಳಿಯಲೇಬೇಕಲ್ಲ. ಸೂರ್ಯೋದಯ ನೋಡಲು ನುಗ್ಗುವ ಕಾರು, ಬೈಕುಗಳ ನಡುವೆ, ಮುಂದೇನಿದೆಯೆಂದು ಕಾಣದ ಕಡಿದು ತಿರುವುಗಳಲ್ಲಿ, ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟುವಾಗ ಗಂಟೆಗೆ 50ರ ವೇಗದಲ್ಲಿ ಇಳಿಯುವುದು ಯಾವ ಲೆಕ್ಕದಲ್ಲೂ ಸುರಕ್ಷಿತವಲ್ಲ.

ಸಾಲುಸವಾರಿ ಬಲವಿಲ್ಲದವರನ್ನು ಹೊರಗಿಡುತ್ತದೆ ಎನ್ನುವವರೂ ಇದ್ದಾರೆ. ಕೆಟ್ಟದಾಗಿ ನಡೆಸಿದ ಸಾಲು ಹಾಗೆ ಮಾಡುವುದು ನಿಜ. ಆದರೆ ಬೆಟ್ಟ ಅವರನ್ನು ಹೊರಗಿಡುವಷ್ಟು ನಿಷ್ಠುರವಾಗಿ ಇನ್ನಾವ ದಾರಿಯೂ ಇಡುವುದಿಲ್ಲ. 90 ಕಿಲೋ ತೂಗುವ, ನಲವತ್ತೈದು ದಾಟಿದ ಮೇಲೆ ಸೈಕಲ್ ಹಿಡಿದ ಒಬ್ಬರು ನಂದಿಯಲ್ಲಿ ಪ್ರತಿ ಸಲವೂ ಕೊನೆಯವರೇ, ಅವರಿಗೆ ನೆರವಾಗಲು ಯಾರಿಂದಲೂ ಆಗದು. ಬಯಲಿನಲ್ಲಿ ಅದೇ ಮನುಷ್ಯ ಬಲಶಾಲಿ. ಸಪಾಟಿನಲ್ಲಿ ಭಾರ ಅಷ್ಟಾಗಿ ಕಾಡುವುದಿಲ್ಲ, ಅವರ ಅಗಲ ಬೆನ್ನಿನ ಹಿಂದೆ ಸಣ್ಣ ಮೈಯವರಿಗೆ ಒಳ್ಳೆಯ ಆಸರೆ. ದಣಿದವರು ಸರದಿ ಬಿಟ್ಟು ಬಾಲದಲ್ಲೇ ಉಳಿಯಬಹುದು, ಬಲವಿದ್ದವರು ಮುಂದೆ ಎರಡು ನಿಮಿಷದ ಬದಲು ನಾಲ್ಕು ನಿಮಿಷ ಇರಬಹುದು. ಶ್ರಮವನ್ನು ಅವರವರ ಶಕ್ತಿಗೆ ತಕ್ಕಂತೆ ಹಂಚಲು ಬರುವುದು ಗಾಳಿಯಲ್ಲಿ ಮಾತ್ರ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲವೂ ಆ ಅವಧಿಯೊಳಗೇ ಸೇರಿದ್ದರಿಂದ ಅಲ್ಲಿ ದಡ ಸೇರಿಸುವುದು ಒಬ್ಬರಿಗೊಬ್ಬರು ಆಸರೆಯಾಗಿ ರಾತ್ರಿ ದಾಟುವ ಗುಂಪುಗಳ ಅಭ್ಯಾಸ.

ಘಟ್ಟಗಳನ್ನು ಬಿಟ್ಟುಬಿಡಿ ಎಂದು ಯಾರಾದರೂ ಇದನ್ನು ಅರ್ಥಮಾಡಿಕೊಂಡರೆ ನನಗೆ ಬೇಸರವಾಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ದಾರಿ, ಚಾರ್ಮಾಡಿ, ಹುಲಿಕಲ್, ಇವೆಲ್ಲ ನಮ್ಮ ನಾಡಿನ ಭಾಗ್ಯ. 2008ರಿಂದ ನಡೆದುಬಂದಿರುವ ಟೂರ್ ಆಫ್ ನೀಲಗಿರೀಸ್‌ನ ಸವಾರರು ಕಲ್ಲಟ್ಟಿಯನ್ನು ನೆನೆಯುವ ಪರಿ ನೋಡಿದರೆ ಅಂಥ ಏರು ಬದುಕಿನಲ್ಲಿ ಒಮ್ಮೆಯಾದರೂ ಬೇಕೆನ್ನಿಸುತ್ತದೆ. ಶೇ 10 ಮೀರಿದ ಅಲ್ಲಿನ ಏರುಗಳಲ್ಲಿ 175 ವಾಟಿನ ಸವಾರನ ವೇಗ ಗಂಟೆಗೆ ಏಳೂವರೆ ಕಿಲೋಮೀಟರಿಗೆ ಇಳಿಯುತ್ತದೆ, ಮುಂದೆ 34, ಹಿಂದೆ 28 ಹಲ್ಲಿನ ಗೇರಿದ್ದರೆ ಪೆಡಲು ನಿಮಿಷಕ್ಕೆ ಐವತ್ತು ಸುತ್ತು ಸುತ್ತುವುದೇ ಹೆಚ್ಚು, ಮಂಡಿಯ ಮೇಲೆ ಬೀಳುವ ಹೊರೆ ಅಷ್ಟಿಷ್ಟಲ್ಲ. ಹಿಂದೆ 34 ಹಲ್ಲಿನ ಗೇರು ಹಾಕಿಸಿಕೊಂಡು ಹೋಗುವುದೇ ಜಾಣತನ. ಆದರೆ ಇವು ವರ್ಷಕ್ಕೊಮ್ಮೆ, ಎರಡು ಸಲ ಹೋಗುವ ದಾರಿಗಳು. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯ ಬೇರೆ. ಚಾರ್ಮಾಡಿ 2019ರಲ್ಲಿ ಕುಸಿಯಿತು, 2021ರ ಆಗಸ್ಟ್‌ನಲ್ಲಿ ನಂದಿಯ ರಸ್ತೆಯೇ ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿತ್ತು, ಅದೇ ವರ್ಷ ಚಾಮುಂಡಿ ಬೆಟ್ಟದಲ್ಲೂ ನಂದಿ ವಿಗ್ರಹದ ಕಡೆಯ ರಸ್ತೆ ಕುಸಿಯಿತು. ಬೆಟ್ಟವನ್ನೇ ನೆಚ್ಚಿಕೊಂಡ ಕ್ಲಬ್‌ಗಳು ಅಂಥ ಕಾಲದಲ್ಲಿ ದಾರಿ ಕಾಣದೆ ನಿಲ್ಲುತ್ತವೆ. ಬಯಲಿಗೆ ಆ ಭಯವಿಲ್ಲ, ಮಳೆ ನಿಂತರೆ ರಸ್ತೆ ತೆರೆದೇ ಇರುತ್ತದೆ, ಗಾಳಿಯೂ ಆಗಲೇ ಜೋರು.

ಶುರುಮಾಡಲು ಬೇಕಾದ್ದು ಸ್ವಲ್ಪವೇ. ಜುಲೈನ ಒಂದು ಭಾನುವಾರ, ಆರು ಜನ, ಮಾಗಡಿಯ ಕಡೆಗೆ 60 ಕಿಲೋಮೀಟರ್. ಮುಂದಾಳಿನ ಸರದಿ ಎರಡು ನಿಮಿಷ ಮೀರದಿರಲಿ. ವೇಗದ ಗುರಿ ಬೇಡ, ಯಾರ ಚಕ್ರವೂ ತಪ್ಪದಿರುವುದೇ ಗುರಿಯಾಗಲಿ. ನಾಲ್ಕೈದು ವಾರ ಕಳೆದು ನೆತ್ತಿಗಳನ್ನು ಒಟ್ಟಿಗೆ ದಾಟುವುದು ಕೈಗೂಡಿದ ಮೇಲೆ ಹೊಸಕೋಟೆಯ ಕಡೆಗೆ ತಿರುಗಿ ಮರಳುವಾಗಿನ ಗಾಳಿಯನ್ನು ಎದುರಿಸಿ. ಬಿಸಿಲು ತಗ್ಗುವ ನವೆಂಬರಿಗೆ ಸಂಗಮದ ದಾರಿಯನ್ನು ಉಳಿಸಿಕೊಳ್ಳಿ. ಆ ಸವಾರಿಗೆ ಒಬ್ಬೊಬ್ಬರ ಬಳಿಯೂ ಎರಡು ಬಾಟಲಿ ನೀರು, ಜೇಬಿನಲ್ಲಿ ಗಂಟೆಗೊಂದರಂತೆ ಬಾಳೆಹಣ್ಣೋ ಚಿಕ್ಕಿಯೋ ಇರಲಿ. ಸಾತನೂರಿನಲ್ಲಿ ಹೋಗುವಾಗಲೂ ಬರುವಾಗಲೂ ನಿಂತು ಬಾಟಲಿ ತುಂಬಿಸಿಕೊಳ್ಳಿ.